ಬಲತುದಿಯಲ್ಲಿ ನಿಂತವನು

ಫೋಟೋದಣ್ಣ ಸತ್ತ ಸುದ್ದಿಯನ್ನು ಆ ಕಟ್ಟಡದಲ್ಲಿ ಮೊದಲು ಓದಿದವರು ಮೇಲಿನ ಮನೆಯ ಟೀಚರು. ಮೂವತ್ತೈದು ವರ್ಷ ಮಕ್ಕಳ ಉತ್ತರಪತ್ರಿಕೆ ತಿದ್ದಿ ನಿವೃತ್ತರಾದವರು. ಹಾಗಾಗಿ ಸುದ್ದಿಯನ್ನು ಒಮ್ಮೆ ಓದಿದರು, ತಪ್ಪೇನಾದರೂ ಇದೆಯೇ ಎಂದು ಇನ್ನೊಮ್ಮೆ ಓದಿದರು, ಇಲ್ಲವೆಂದು ಖಾತ್ರಿಯಾದ ಮೇಲೆಯೇ ಅತ್ತರು.

ಬೆಳಗಿನ ಏಳೂವರೆಗೆ ಎರಡನೆಯ ಮಹಡಿಯ ಮೆಟ್ಟಿಲ ಬಳಿ ಹದಿನಾಲ್ಕು ಜನ ಸೇರಿದ್ದರು. ಮುಂದೆ ನಿಂತವರು ನಿವಾಸಿಗಳ ಸಂಘದ ಕಾರ್ಯದರ್ಶಿ. ನೀರು ಸರಬರಾಜು ಕಚೇರಿಯಲ್ಲಿ ಕೆಲಸ ಮಾಡಿದ ಮನುಷ್ಯ; ಬರೆದಿಟ್ಟುಕೊಳ್ಳದೆ ಕೆಮ್ಮುವವರೂ ಅಲ್ಲ. ಕೈಯಲ್ಲಿ ಒಂದು ಹಾಳೆಯ ಸಂತಾಪ ಸೂಚನೆ ಸಿದ್ಧವಾಗಿತ್ತು. ಗಂಟಲು ಸರಿಮಾಡಿಕೊಂಡು ಗಂಟೆ ಒತ್ತಿದರು.

ಬಾಗಿಲು ತೆರೆದವನು ಫೋಟೋದಣ್ಣನೇ. ಬನಿಯನ್ನು, ಬಾಯಲ್ಲಿ ಹಲ್ಲುಜ್ಜುವ ಬ್ರಷ್ಷು, ಗದ್ದದ ಮೇಲೆ ನೊರೆ.

ಕಾರ್ಯದರ್ಶಿಗಳು ಹಾಳೆ ನೋಡಿದರು, ಇವನನ್ನು ನೋಡಿದರು. ಹಾಳೆಯಲ್ಲಿ ಇದಕ್ಕೆ ವ್ಯವಸ್ಥೆ ಇರಲಿಲ್ಲ.

"ಸರ್, ನೀವು ಹೀಗೆ ಬಾಗಿಲು ತೆಗೆಯೋ ಹಾಗಿಲ್ಲ."

"ಯಾಕೆ? ನೀರು ನಿಲ್ಲಿಸಿದೀರಾ?"

"ನೀವು ಮೊನ್ನೆ ತೀರಿಕೊಂಡಿದೀರಿ. ಐದನೇ ಪುಟ, ಕೆಳಗಡೆ."

ಒಳಗಿನಿಂದ ಹೆಂಡತಿಯ ಧ್ವನಿ ಬಂತು. "ಮೊನ್ನೆನಾ? ಸಾಧ್ಯವೇ ಇಲ್ಲ. ಮೊನ್ನೆ ರಾತ್ರಿಯಿಡೀ ಗೊರಕೆ ಹೊಡೆದಿದಾರೆ. ನಾನೇ ಸಾಕ್ಷಿ."

ಟೀಚರು ಪತ್ರಿಕೆ ಮುಂದೆ ಹಿಡಿದರು. ಅದರಲ್ಲಿ ಅಚ್ಚಾಗಿದ್ದದ್ದು ಮೂವತ್ತು ವರ್ಷ ಹಿಂದಿನ ಕ್ಯಾಸೆಟ್ಟಿನ ಮುಖಪುಟ. ಮೆಟ್ಟಿಲ ಮೇಲೆ ಸಾಲಾಗಿ ಐದು ಹುಡುಗರು. ಬಲತುದಿಯವನ ಮುಖಕ್ಕೆ ಕಪ್ಪು ಬಳೆಯಷ್ಟು ದುಂಡನೆಯ ಗೆರೆ ಹಾಕಿ, ಕೆಳಗೆ ಬರೆದಿದ್ದರು: ಒಂದು ಕಾಲದ ಹರೆಯದವರನ್ನೆಲ್ಲ ಕುಣಿಸಿದ ಐವರ ಪಾಪ್ ತಂಡ, ಅವರ ಎರಡನೆಯ ಆಲ್ಬಮ್ 'ಮತ್ತೆ ನಾವೇ', ಅದರ ಐದನೆಯ ಗಾಯಕ ಇನ್ನಿಲ್ಲ. ಹೆಸರು ಮಾತ್ರ ಹಾಕಿರಲಿಲ್ಲ.

ಫೋಟೋದಣ್ಣ ಬ್ರಷ್ಷನ್ನು ಬಾಯಿಂದ ತೆಗೆದ. ಜನರೆಲ್ಲ ಅವನು ನಗುತ್ತಾನೆಂದು ಕಾದರು. ಅವನು ಬಾಗಿಲ ಚೌಕಟ್ಟು ಹಿಡಿದುಕೊಂಡು ಅಲ್ಲೇ ಕುಸಿದು ಕೂತ.

"ನೋಡಿ," ಎಂದರು ಟೀಚರು ಮೆಲ್ಲಗೆ, "ತನ್ನ ಸಾವಿನ ಸುದ್ದಿ ತಾನೇ ಓದೋದು ಅಂದ್ರೆ ಸುಮ್ಮನೆಯಾ ಪಾಪ." ಆಮೇಲೆ ಮೇಲಕ್ಕೆ ಓಡಿಹೋಗಿ ಫ್ಲಾಸ್ಕಿನಲ್ಲಿ ಬಿಸಿನೀರು ತಂದರು.

ಈ ಬಿಸಿನೀರಿಗೂ ಒಂದು ಚರಿತ್ರೆಯಿದೆ.

ಫೋಟೋದಣ್ಣ ಸುಳ್ಳುಗಾರನಲ್ಲ. ಮುಖ್ಯರಸ್ತೆಯ ತಿರುವಿನಲ್ಲಿ ಅವನದೊಂದು ಪುಟ್ಟ ಸ್ಟುಡಿಯೋ. ದಿನವಿಡೀ ಜನರನ್ನು ಸ್ಟೂಲಿನ ಮೇಲೆ ಕೂರಿಸಿ, "ತಲೆ ಸ್ವಲ್ಪ ಎತ್ತಿ, ನಗಬೇಡಿ" ಎನ್ನುವುದು ಅವನ ಕಸುಬು. ಹನ್ನೊಂದು ವರ್ಷದ ಹಿಂದೆ ಈ ಕಟ್ಟಡಕ್ಕೆ ಬಂದಾಗ ದೊಡ್ಡದು ಮಾಡಿಸಿ ಗೋಡೆಗೆ ಒರಗಿಸಿಟ್ಟಿದ್ದ ಆ ಕ್ಯಾಸೆಟ್ಟಿನ ಮುಖಪುಟ ನೋಡಿ ಟೀಚರು, "ಅಯ್ಯೋ! ಬಲಗಡೆ ಕೊನೇಲಿರೋದು ನೀವೇ ಅಲ್ವಾ?" ಎಂದು ಕೇಳಿದ್ದರು. ಅವನು "ಹೌದು, ನಾನೇ" ಎಂದ. ನೂರಕ್ಕೆ ನೂರು ನಿಜ. ಇದರ ಹಿಂದೆಯೇ ಇನ್ನೊಂದು ವಾಕ್ಯ ಹೇಳಬೇಕಿತ್ತು. ಆಗ ಸೋಫಾ ಹೊತ್ತವರು ಬಾಗಿಲಲ್ಲಿ ಸಿಕ್ಕಿಕೊಂಡು ಕೂಗಿದರು, ಇವನು ಆ ಕಡೆ ಓಡಿದ, ಎರಡನೆಯ ವಾಕ್ಯ ಉಳಿದೇಹೋಯಿತು. ಸೋಫಾ ಒಳಗೆ ಬರುವಷ್ಟರಲ್ಲಿ ಸುದ್ದಿ ನಾಲ್ಕನೆಯ ಮಹಡಿಗೆ ಮುಟ್ಟಿತ್ತು.

ಅಲ್ಲಿಂದ ಅವನು 'ನಮ್ಮ ಗಾಯಕರು'. ಸಂಘದ ಪ್ರತಿ ಸಮಾರಂಭದಲ್ಲೂ ಒಂದು ಹಾಡು ಎನ್ನುವರು. ಪ್ರತಿ ಸಲವೂ ಅವನು ಕುತ್ತಿಗೆ ಹಿಡಿದುಕೊಂಡು, "ಗಂಟಲು ಸರಿ ಇಲ್ಲ" ಎನ್ನುವನು. ಹನ್ನೊಂದು ವರ್ಷ ಸರಿಯಾಗದ ಗಂಟಲೆಂದರೆ ಅದು ಗಂಟಲಲ್ಲ, ದುರಂತ. ಕಟ್ಟಡದವರೇ ಸೇರಿ ಆ ದುರಂತಕ್ಕೆ ಕೈಕಾಲು ಕೂಡಿಸಿದರು. ಎರಡನೆಯ ಆಲ್ಬಮ್ಮಿನ ನಾಲ್ಕನೆಯ ಹಾಡಿದೆಯಲ್ಲ, ಅದೊಂದನ್ನು ಐದನೆಯವನೇ ಒಬ್ಬನೇ ಹಾಡಿದ್ದು. ಅದರ ಕೊನೆಯ ಏರುದನಿಯಲ್ಲಿ ಸ್ವರ ಒಡೆದುಹೋಗಿ ಮತ್ತೆ ಕೂಡಲೇ ಇಲ್ಲವಂತೆ. ಟೀಚರಂತೂ ಅವನು ಮೆಟ್ಟಿಲ ಮೇಲೆ ಕಂಡಾಗಲೆಲ್ಲ ಫ್ಲಾಸ್ಕು ತರುತ್ತಿದ್ದರು. ಫೋಟೋದಣ್ಣ ಕುಡಿಯುತ್ತಿದ್ದ. ಕುಡಿಯದಿದ್ದರೆ ಎರಡನೆಯ ವಾಕ್ಯ ಹೇಳಬೇಕಾಗುತ್ತಿತ್ತು.

"ಬಿಸಿನೀರು ಕುಡಿದೂ ಕುಡಿದೂ ನಿಮ್ಮ ಹೊಟ್ಟೆಯೊಳಗೆ ಬಾಯ್ಲರ್ ಬೆಳೆದಿರುತ್ತೆ," ಎನ್ನುತ್ತಿದ್ದಳು ಹೆಂಡತಿ. "ಒಂದು ಮಾತು ಹೇಳಿ ಮುಗಿಸಬಾರದೇನ್ರೀ?"

"ಹೇಳ್ತೀನಿ. ಸಮಯ ಬರಲಿ."

ಬಂದದ್ದು ಹೀಗೆ, ಐದನೆಯ ಪುಟದಲ್ಲಿ.

ಆ ಎರಡನೆಯ ವಾಕ್ಯ ಇಷ್ಟೇ: ನಾನು ಲೈಟಿನ ಹುಡುಗ.

ಮೂವತ್ತು ವರ್ಷದ ಹಿಂದೆ ಅವನು ಒಬ್ಬ ದೊಡ್ಡ ಫೋಟೋಗ್ರಾಫರ ಬಳಿ ದೀಪ ಹೊರುವ ಕೆಲಸದಲ್ಲಿದ್ದ. 'ಮತ್ತೆ ನಾವೇ' ಮುಖಪುಟದ ದಿನ ನಾಲ್ವರು ಹುಡುಗರು ಬಂದರು, ಐದನೆಯವನು ತಡಮಾಡಿದ. ದೀಪ ಕಾಯುತ್ತಿತ್ತು, ಯಜಮಾನರು ಕುದಿಯುತ್ತಿದ್ದರು. "ಏಯ್, ನೀನೇ ಹೋಗಿ ನಿಂತ್ಕೊಳೋ, ಬೆಳಕು ನೋಡ್ಬೇಕು," ಎಂದರು. ಇವನು ಬಲತುದಿಯಲ್ಲಿ ನಿಂತ. ಕೈಯಲ್ಲಿ ಬೆಳಕು ಅಳೆಯುವ ಮೀಟರು, ಜೇಬಿನಲ್ಲಿ ಸ್ಕ್ರೂಡ್ರೈವರು, ಕಣ್ಣು ಮೇಲೆ, ಬಲ್ಬು ಸುಟ್ಟುಹೋಗುತ್ತದೆಯೋ ಎಂಬ ಆತಂಕದಲ್ಲಿ. ಕ್ಲಿಕ್. ಆಮೇಲೆ ಐದನೆಯವನು ಓಡಿಬಂದ, ತನ್ನ ಜಾಗದಲ್ಲಿ ನಿಂತ, ಮತ್ತೆ ಕ್ಲಿಕ್.

ಯಜಮಾನರದೊಂದು ಪದ್ಧತಿ. ರೀಲು ತೊಳೆದು, ಚಿಕ್ಕಚಿಕ್ಕ ಪ್ರತಿಗಳನ್ನೆಲ್ಲ ಒಂದೇ ಹಾಳೆಯಲ್ಲಿ ಹಾಕಿ, ಯಾವುದು ಬೇಕೋ ಅದರ ಮೇಲೆ ಕೆಂಪು ಸೀಸದಕಡ್ಡಿಯಲ್ಲಿ ಅಡ್ಡಗೆರೆ ಎಳೆಯುವರು. ಅದು ಅವರ ಮೆಚ್ಚಿಗೆ. ಮುದ್ರಣಾಲಯದವರಿಗೂ ಒಂದು ಪದ್ಧತಿ: ಕೆಂಪು ಗೆರೆ ಬಿದ್ದದ್ದು ಬೇಡವಾದದ್ದು. ಹಾಗಾಗಿ ಅವರು ಐದನೆಯವನಿದ್ದ ಚಿತ್ರವನ್ನು ಭಕ್ತಿಯಿಂದ ಬದಿಗಿಟ್ಟು, ಗೆರೆಯಿಲ್ಲದ ಪಕ್ಕದ ಚಿತ್ರವನ್ನು ಎತ್ತಿಕೊಂಡು ಐವತ್ತು ಸಾವಿರ ಪ್ರತಿ ಹೊಡೆದರು. ಇಬ್ಬರೂ ತಮ್ಮ ತಮ್ಮ ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿದ್ದರು. ಕ್ಯಾಸೆಟ್ ಕಂಪನಿಯವರು ತಲೆ ಚಚ್ಚಿಕೊಂಡು, "ಇನ್ನೇನು ಮಾಡೋಕಾಗುತ್ತೆ, ಜನ ಹಾಡು ಕೇಳ್ತಾರೆ, ಮುಖ ಯಾರು ನೋಡ್ತಾರೆ" ಎಂದು ಅಂಗಡಿಗಳಿಗೆ ಕಳಿಸಿಬಿಟ್ಟರು.

ಜನ ಮುಖವನ್ನೇ ನೋಡಿದರು. ಅದೂ ಬಲತುದಿಯದನ್ನು. ಆಕಾಶ ನೋಡುವ ಆ ಕಣ್ಣೇನು, ಕೈಯಲ್ಲಿನ ಆ ನಿಗೂಢ ಯಂತ್ರವೇನು! ಕಾಲೇಜು ಹುಡುಗರು ಸೋಪಿನ ಡಬ್ಬಿ ಕೈಯಲ್ಲಿ ಹಿಡಿದು ಮೇಲೆ ನೋಡುತ್ತಾ ರಸ್ತೆ ದಾಟಿದರು. ಇಬ್ಬರಿಗೆ ಸೈಕಲ್ ಗುದ್ದಿತು.

ಐದನೆಯವನ ಗತಿ ಏನಾಯಿತೆಂದು ಫೋಟೋದಣ್ಣ ವಿಚಾರಿಸಲಿಲ್ಲ. ವಿಚಾರಿಸಬಾರದೆಂದಲ್ಲ. ನಾಳೆ ಎಂದುಕೊಂಡ.

ಸಾವಿನ ಸುದ್ದಿ ಬಂದ ದಿನ ಮಧ್ಯಾಹ್ನ ಅವನು ಪತ್ರಿಕಾ ಕಚೇರಿಗೆ ಹೋದ. ಉಪಸಂಪಾದಕನೊಬ್ಬ ಪುಟದ ಮೇಲೆ ಪುಟ ಹೇರಿಕೊಂಡು ಕೂತಿದ್ದ.

"ಈ ಫೋಟೋ ತಪ್ಪು ಸ್ವಾಮಿ."

"ಯಾರದು ಇದು?"

"ನಂದು."

"ಸತ್ತಿರೋರು?"

"ಅದು ನಾನಲ್ಲ."

"ಅವರು ಸತ್ತಿರೋದು ನಿಜ ತಾನೇ?"

"ನಿಜ. ಆದ್ರೆ ನಾನು ಸತ್ತಿಲ್ಲ."

"ನೀವು ಸತ್ತಿದೀರಿ ಅಂತ ನಾವೆಲ್ಲಿ ಬರೆದಿದೀವಿ? ನಿಮ್ಮ ಹೆಸರಿದೆಯಾ ಇಲ್ಲಿ?"

"ಹೆಸರಿಲ್ಲ. ಮುಖ ಇದೆ."

"ಮುಖ ಮೂವತ್ತು ವರ್ಷದಿಂದ ಕವರ್ ಮೇಲಿದೆ. ಇಲ್ಲೀವರೆಗೆ ಸುಮ್ಮನಿದ್ದು, ಈಗ ಸತ್ತ ಮೇಲೆ ಬಂದು ತಪ್ಪು ಅಂದ್ರೆ?"

"ಸತ್ತ ಮೇಲೆ ಬಂದಿಲ್ಲ ಸ್ವಾಮಿ, ಬದುಕಿದ್ದೇ ಬಂದಿದೀನಿ!"

ಉಪಸಂಪಾದಕ ಪೆನ್ನು ಕೆಳಗಿಟ್ಟ. "ನೋಡಿ, ನಿಮ್ಮದು ಇವತ್ತಿನ ಎರಡನೇ ದೂರು. ಅಲ್ಲಿ ಬೆಂಚಿನ ಮೇಲೆ ಬೆಳಗ್ಗೆಯಿಂದ ಒಬ್ಬರು ಅಮ್ಮ ಕೂತಿದಾರೆ. ಸತ್ತೋನು ನಮ್ಮೋನು, ಫೋಟೋ ನಮ್ಮದಲ್ಲ ಅಂತಾರೆ. ನೀವು ಫೋಟೋ ನಂದು, ಸತ್ತೋನು ನಾನಲ್ಲ ಅಂತೀರಿ. ಇಬ್ಬರೂ ಕೂತು ಮಾತಾಡ್ಕೊಂಡು ಒಂದೇ ಅರ್ಜಿ ಬರೆದುಕೊಡಿ. ನಮಗೂ ಜಾಗ ಕಮ್ಮಿ."

ಫೋಟೋದಣ್ಣ ತಿರುಗಿ ನೋಡಿದ. ಗೋಡೆಗಂಟಿದ ಬೆಂಚಿನ ಮೇಲೆ ಎಂಬತ್ತರ ಆಸುಪಾಸಿನ ಮುದುಕಿ, ಮಡಿಲಲ್ಲಿ ಚೀಲ. ಪಕ್ಕದಲ್ಲಿ ಮಗಳು. ಅವನಿಗೆ ಓಡಿಹೋಗಬೇಕೆನಿಸಿತು. ಅಷ್ಟರಲ್ಲಿ ಮುದುಕಿ ಅವನ ಮುಖ ನೋಡಿದಳು. ಗುರುತು ಹಿಡಿಯಲು ಒಂದು ಕ್ಷಣವೂ ಬೇಕಾಗಲಿಲ್ಲ.

"ನೀನು ದಪ್ಪ ಆಗಿದೀಯ," ಎಂದಳು.

ಫೋಟೋದಣ್ಣ ಹೊಟ್ಟೆಯ ಮೇಲೆ ಅಂಗಿ ಎಳೆದುಕೊಂಡ.

"ಮೂವತ್ತು ವರ್ಷದಿಂದ ನೋಡ್ತಾ ಇದೀನಲ್ಲಪ್ಪ ಆ ಕವರು. ನನ್ನ ಮಗನ ಮುಖಕ್ಕಿಂತ ನಿನ್ನ ಮುಖವೇ ಜಾಸ್ತಿ ನೋಡಿದೀನೋ ಏನೋ. ಕೂತ್ಕೋ."

ಅವನು ಬೆಂಚಿನ ತುದಿಗೆ ಕೂತ.

"ಬೈಯೋಕೆ ಬಂದಿಲ್ಲ, ಹೆದರ್ಬೇಡ. ಅವನೇ ಬೈಯಲಿಲ್ಲ ನಿನ್ನ. ನಾನು ಆಗ ಕೂಗಾಡಿದ್ರೆ, ಬಿಡಮ್ಮ, ಯಾರೋ ಲೈಟ್ ಹುಡುಗ, ಅವನಮ್ಮಂಗಾದ್ರೂ ಖುಷಿಯಾಗಿರುತ್ತೆ ಅಂದ. ಆಮೇಲೆ ಹಾಡೋಕೆ ಹೋದಲ್ಲೆಲ್ಲ ಜನ, ಮಷೀನು ಹಿಡ್ಕೊಂಡೋನು ಎಲ್ಲಿ, ಇವನ್ಯಾರು ಅನ್ನೋರಂತೆ. ಒಂದು ಕಡೆ ಗೇಟಿನೋನು ಒಳಗೇ ಬಿಡ್ಲಿಲ್ಲ. ಹೊರಗೆ ನಿಂತು ತನ್ನ ಹಾಡು ತಾನೇ ಕೇಳಿ ವಾಪಸ್ ಬಂದ. ಆವತ್ತೇ ಬಿಟ್ಟುಬಿಟ್ಟ. ವ್ಯಾನ್ ಓಡಿಸ್ದ. ಚೆನ್ನಾಗೇ ಓಡಿಸ್ದ. ಆದ್ರೆ ಯಾರ ಫೋಟೋದಲ್ಲೂ ನಿಲ್ತಿರ್ಲಿಲ್ಲ."

ಮಗಳು ಚೀಲದಿಂದ ಒಂದು ಚಿತ್ರ ತೆಗೆದಳು. ಚಾಲನಾ ಪರವಾನಗಿಯ ಹೆಬ್ಬೆರಳಷ್ಟು ಫೋಟೋ, ಯಾರೋ ದೊಡ್ಡದು ಮಾಡಿಕೊಟ್ಟದ್ದು. ಅರ್ಧ ಮುಖದ ಮೇಲೆ ಕಚೇರಿಯ ಮೊಹರು. ಎಡಗಣ್ಣಿನ ಜಾಗದಲ್ಲಿ ತಾರೀಖು.

"ಮನೇಲಿಡೋಕೆ ಇರೋದು ಇದೊಂದೇ ಅಣ್ಣ," ಎಂದಳು.

"ಆವತ್ತು ತಡ ಆಗಿದ್ದು ಅವನಿಂದ ಅಲ್ಲಪ್ಪ," ಎಂದಳು ಮುದುಕಿ, ಕಣ್ಣು ಗೋಡೆಯ ಮೇಲಿಟ್ಟು. "ನನ್ನಿಂದ. ಬಿಳಿ ಅಂಗಿ ತೋಳಲ್ಲಿ ಒಂದು ಸುಕ್ಕು ಇತ್ತು. ಇಸ್ತ್ರಿಪೆಟ್ಟಿಗೆ ಕಾಯ್ಲಿ ಇರು, ಇನ್ನೊಂದ್ಸಲ ಉಜ್ಜಿಕೊಡ್ತೀನಿ ಅಂತ ಹಿಡಿದಿಟ್ಟೆ. ಹಾಳಾದ್ದು ಬೇಗ ಕಾಯ್ಲೇ ಇಲ್ಲ. ಆದ್ರೂ ಓಡಿಹೋದೆ ಅಮ್ಮ, ನಿಂತೆ, ತೆಗೆದ್ರು ಅಂದಿದ್ದ. ತೆಗೆದಿದ್ರಾ? ಇಲ್ಲ, ನಂಗೆ ಬೇಜಾರಾಗ್ಬಾರ್ದು ಅಂತ ಹೇಳಿದ್ನಾ? ನೀನು ಅಲ್ಲೇ ಇದ್ಯಲ್ಲ, ಅದಕ್ಕೇ ಕೇಳ್ತೀನಿ."

"ತೆಗೆದಿದ್ರು ಅಮ್ಮ."

"ಅದು ಎಲ್ಲಿದೆ?"

ಇದಕ್ಕೆ ಫೋಟೋದಣ್ಣನ ಬಳಿ ಉತ್ತರವಿತ್ತು. ಅವನ ಸ್ಟುಡಿಯೋದ ಮರದ ಬೀರುವಿನ ಮೂರನೆಯ ಖಾನೆ, ಬಿಸ್ಕತ್ತಿನ ತಗಡಿನ ಡಬ್ಬಿ, ಅದರೊಳಗೆ ಆ ದಿನದ ನೆಗೆಟಿವ್. ಯಜಮಾನರು ಅಂಗಡಿ ಮುಚ್ಚಿದಾಗ ಅದನ್ನೂ ಇವನ ತಲೆಗೆ ಕಟ್ಟಿದ್ದರು. ಎಲ್ಲಿದೆಯೆಂದು ಇಷ್ಟು ವರ್ಷ ದಿನವೂ ಗೊತ್ತಿತ್ತು. ಹೊರಗೆ ತೆಗೆದರೆ ಬಲತುದಿಯಲ್ಲಿ ಇವನು ಇರುವುದಿಲ್ಲ, ಅದೂ ಗೊತ್ತಿತ್ತು.

"ಹುಡುಕ್ತೀನಿ," ಎಂದ. "ಭಾನುವಾರ ಬೆಳಗ್ಗೆ ಹತ್ತಕ್ಕೆ ನಮ್ಮನೆಗೆ ಬನ್ನಿ."

ವಿಳಾಸ ಬರೆದುಕೊಟ್ಟ. ಭಾನುವಾರ ಬೆಳಗ್ಗೆ ಹತ್ತಕ್ಕೇ ಕಾರ್ಯದರ್ಶಿಗಳು ಕೆಳಗಿನ ಸಭಾಂಗಣದಲ್ಲಿ ಸಮಾರಂಭ ಇಟ್ಟುಕೊಂಡಿದ್ದಾರೆಂಬುದು ಅವನ ತಲೆಯಲ್ಲಿ ಇರಲೇ ಇಲ್ಲ. ಸಂತಾಪ ಸೂಚನೆಯ ಹಾಳೆ ವ್ಯರ್ಥವಾಗಬಾರದೆಂದು ಅವರು ಅದನ್ನೇ ಅಲ್ಲಲ್ಲಿ ತಿದ್ದಿ ಅಭಿನಂದನಾ ಪತ್ರ ಮಾಡಿದ್ದರು.

ಮರುದಿನ ಸ್ಟುಡಿಯೋದ ಬಾಗಿಲು ಅರ್ಧ ಇಳಿಸಿ ಡಬ್ಬಿ ತೆಗೆದ. ನೆಗೆಟಿವ್ ಹಾಳಾಗಿರಲೆಂದು ಒಂದು ಗಳಿಗೆ ಆಸೆಪಟ್ಟನೆಂಬುದನ್ನು ಇಲ್ಲಿ ಮುಚ್ಚಿಡುವುದು ಸರಿಯಲ್ಲ. ಹಾಳಾಗಿರಲಿಲ್ಲ. ವರ್ಷಗಳಿಂದ ಮುಟ್ಟದ ಟ್ರೇಗಳನ್ನು ತೊಳೆದು, ಮದ್ದು ಕಲಸಿ, ಕೆಂಪು ದೀಪ ಹಾಕಿ ಕಾಗದವನ್ನು ಮುಳುಗಿಸಿದ. ಬಿಳಿಯ ಮೇಲೆ ಮೊದಲು ಕೂದಲು ಬಂತು, ಆಮೇಲೆ ಬೂಟು, ಆಮೇಲೆ ಕಣ್ಣು. ಹುಡುಗ ನಗುತ್ತಿದ್ದ. ಉಳಿದ ನಾಲ್ವರು ಕ್ಯಾಮೆರಾ ನೋಡುತ್ತಿದ್ದರೆ ಅವನೊಬ್ಬ ಚೌಕಟ್ಟಿನಾಚೆ ಯಾರನ್ನೋ ನೋಡಿ, ಓಡಿಬಂದ ಏದುಸಿರಿನಲ್ಲೇ ಬಾಯ್ತುಂಬ ನಗುತ್ತಿದ್ದ.

ಬಲ ಅಂಚಿನಲ್ಲಿ ಒಂದು ಕೈ ಒಳಗೆ ಬಂದಿತ್ತು, ಮೀಟರು ಹಿಡಿದ ಕೈ. ಫೋಟೋದಣ್ಣ ಕಟ್ಟರ್ ತಂದು ಆ ಕೈಯನ್ನು ತೆಗೆದುಹಾಕಲು ಅಳತೆಯಿಟ್ಟ. ಕೈ ತೆಗೆದರೆ ಹುಡುಗನ ಭುಜವೂ ಹೋಗುತ್ತಿತ್ತು. ಮೂರು ಸಲ ಅಳೆದು, ಕಟ್ಟರ್ ಕೆಳಗಿಟ್ಟು, ಸ್ಟೂಲಿನ ಮೇಲೆ ಕೂತ. ಅಂದು ಹೆಂಡತಿ ಊಟ ತಂದಾಗ ಅವನು ಇನ್ನೂ ಅಲ್ಲೇ ಕೂತಿದ್ದ.

ಅವಳು ಫೋಟೋ ನೋಡಿದಳು. ಚುಚ್ಚುಮಾತು ಬಾಯಿಗೆ ಬಂದದ್ದನ್ನು ನುಂಗಿಕೊಂಡಳು. "ಒಳ್ಳೆ ಚೌಕಟ್ಟು ಹಾಕಿ," ಎಂದಷ್ಟೇ ಹೇಳಿದಳು.

ಭಾನುವಾರ ಸಭಾಂಗಣದಲ್ಲಿ ಗೋಡೆಯಿಂದ ಗೋಡೆಗೆ ಬ್ಯಾನರು. ಅದರ ಮೇಲೆ ಆಕಾಶ ನೋಡುತ್ತಿರುವ ಫೋಟೋದಣ್ಣನ ಮುಖ, ಕೆಳಗೆ 'ಸಾವನ್ನೇ ಸುಳ್ಳಾಗಿಸಿದ ಸ್ವರ'. ಅವನನ್ನು ಮೆಟ್ಟಿಲಿಂದಲೇ ಎತ್ತಿಕೊಂಡು ಬಂದಂತೆ ತಂದು ವೇದಿಕೆಯ ಕುರ್ಚಿಯಲ್ಲಿ ಕೂರಿಸಿದರು. ಕಾಗದ ಸುತ್ತಿದ ಚೌಕಟ್ಟನ್ನು ಅವನು ಎದೆಗೆ ಅವಚಿಕೊಂಡಿದ್ದ.

"ನಾನು ಎರಡು ಮಾತು ಹೇಳ್ಬೇಕು," ಎಂದ.

"ನಿಮ್ಮ ಮಾತು ಎಂಟನೇದು ಸರ್," ಎಂದರು ಕಾರ್ಯದರ್ಶಿ, ಪಟ್ಟಿ ನೋಡಿ. "ಈಗ ಮೂರನೇದು. ಹಾಡು."

"ಒಂದೇ ಮಾತು, ಅರ್ಧ ನಿಮಿಷ."

"ಗಂಟಲಿಗೆ ತ್ರಾಸ ಕೊಡ್ಬೇಡಿ," ಎಂದು ಮುಂದಿನ ಸಾಲಿನಿಂದ ಟೀಚರು ಫ್ಲಾಸ್ಕು ಎತ್ತಿ ತೋರಿಸಿದರು.

ಕಾರ್ಯದರ್ಶಿಗಳು ಮೈಕಿನಲ್ಲಿ, "ಈಗ ನಮ್ಮ ಗಾಯಕರ ಅಂದಿನ ಕಂಠ" ಎಂದು ಸಾರಿ ಟೇಪ್‌ರೆಕಾರ್ಡರಿನ ಗುಂಡಿ ಒತ್ತಿದರು. 'ಮತ್ತೆ ನಾವೇ', ನಾಲ್ಕನೆಯ ಹಾಡು. ಎಳೆಯ, ತುಸು ಒರಟಾದ ಒಂದು ದನಿ ಸಭಾಂಗಣ ತುಂಬಿತು. ಅದೇ ಹೊತ್ತಿಗೆ ಮುದುಕಿ ಮಗಳ ತೋಳು ಹಿಡಿದು ಬಾಗಿಲಿಗೆ ಬಂದಳು.

ಬಂದವಳು ಅಲ್ಲೇ ನಿಂತಳು.

ಎಲ್ಲರೂ ಫೋಟೋದಣ್ಣನ ಮುಖ ನೋಡುತ್ತಿದ್ದರು. ಅವನು ಬಾಗಿಲು ನೋಡುತ್ತಿದ್ದ. ಮುದುಕಿ ಯಾರನ್ನೂ ನೋಡುತ್ತಿರಲಿಲ್ಲ. ತಲೆ ಸ್ವಲ್ಪ ಬಾಗಿಸಿ, ಒಳಗಿನ ಕೋಣೆಯಿಂದ ಯಾರೋ ಕರೆದಂತೆ ಕೇಳುತ್ತಿದ್ದಳು. ಕೊನೆಯ ಏರುದನಿ ಬಂತು. ಎಲ್ಲೂ ಒಡೆಯಲಿಲ್ಲ. ಸಲೀಸಾಗಿ ಮೇಲೇರಿ, ಅಲ್ಲೊಂದಿಷ್ಟು ನಿಂತು, ಇಳಿಯಿತು.

ಚಪ್ಪಾಳೆ. ಫೋಟೋದಣ್ಣ ಎದ್ದು ನಿಂತ. ಯಾರೂ ಕರೆಯದೆಯೇ ಮೈಕಿಗೆ ಹೋದ.

"ಆ ಫೋಟೋದಲ್ಲಿರೋದು ನಾನೇ," ಎಂದ. ಇದು ಎಲ್ಲರಿಗೂ ಗೊತ್ತಿದ್ದ ಮೊದಲನೆಯ ವಾಕ್ಯ. "ಆದ್ರೆ ನಾನು ಲೈಟಿನ ಹುಡುಗ. ಈ ಹಾಡು ನಂದಲ್ಲ. ನಂಗೆ ಹಾಡೋಕೇ ಬರಲ್ಲ. ಹಾಡಿದೋರು ತೀರಿಕೊಂಡಿದಾರೆ. ಬಾಗಿಲಲ್ಲಿರೋರು ಅವರಮ್ಮ."

ಎಲ್ಲರ ತಲೆಗಳೂ ಬಾಗಿಲ ಕಡೆ ತಿರುಗಿದವು.

"ಹಾಗಾದ್ರೆ," ಎಂದರು ಕಾರ್ಯದರ್ಶಿ, ಕೊನೆಗೆ, "ಬ್ಯಾನರು?"

"ಹನ್ನೊಂದು ವರ್ಷ," ಎಂದರು ಟೀಚರು, ತಮಗೆ ತಾವೇ. "ಹನ್ನೊಂದು ವರ್ಷ ನೀರು ಕಾಯಿಸಿದೀನಿ." ಮುಖ ಕೆಂಪಗಾಗಿತ್ತು. ಎದ್ದು ಹೊರಟರು. ಬಾಗಿಲ ತನಕ ಹೋಗಿ, ಮುದುಕಿ ಇನ್ನೂ ನಿಂತೇ ಇರುವುದು ಕಂಡು, ಅವಳ ಕೈಹಿಡಿದು ತಂದು ತಮ್ಮ ಕುರ್ಚಿಯಲ್ಲೇ ಕೂರಿಸಿ, ಪಕ್ಕದಲ್ಲಿ ನಿಂತರು.

ಫೋಟೋದಣ್ಣ ಇಳಿದು ಬಂದು ಕಾಗದ ಬಿಚ್ಚಿ ಚೌಕಟ್ಟನ್ನು ಅವಳ ಮಡಿಲಲ್ಲಿಟ್ಟ. ಮುದುಕಿ ಮುಖ ನೋಡಲಿಲ್ಲ. ಮೊದಲು ತೋಳು ನೋಡಿದಳು, ಬೆರಳಿಟ್ಟು ಗಾಜಿನ ಮೇಲೆ ಸವರಿದಳು.

"ಸುಕ್ಕು ಹೋಗಿದೆ," ಎಂದಳು. "ನೋಡೇ, ಹೋಗಿದೆ."

"ಹೂಂ ಅಮ್ಮ," ಎಂದಳು ಮಗಳು.

ಆಮೇಲೆ ಮುಖ ನೋಡಿದಳು. ತುಂಬ ಹೊತ್ತು ನೋಡಿದಳು. ಕಾರ್ಯದರ್ಶಿಗಳು ಕುರ್ಚಿ ಹತ್ತಿ ಸದ್ದಾಗದಂತೆ ಬ್ಯಾನರಿನ ಒಂದು ತುದಿ ಬಿಚ್ಚತೊಡಗಿದ್ದರು.

"ನಗ್ತಾ ಇದಾನಲ್ಲ. ಯಾರನ್ನ ನೋಡಿ?"

"ನನ್ನ ನೋಡಿ ಅಮ್ಮ. ಆ ಕೈ ನಂದು."

"ಅಷ್ಟು ನಗೋ ಹಾಗೆ ಏನಂದೆ?"

ಫೋಟೋದಣ್ಣ ಹೇಳಲು ಬಾಯಿ ತೆರೆದ. ಹನ್ನೊಂದು ವರ್ಷ ಸುಳ್ಳಿಗೆ ಕಟ್ಟಿದ್ದ ಗಂಟಲು ಅಂದು ನಿಜಕ್ಕೂ ಕಟ್ಟಿತು. ದನಿ ಹೊರಡಲಿಲ್ಲ. ಕುತ್ತಿಗೆ ಹಿಡಿದುಕೊಂಡು ನಿಂತ. ಟೀಚರು ಒಂದು ಗಳಿಗೆ ಅವನನ್ನು ದುರುಗುಟ್ಟಿ ನೋಡಿದರು. ಆಮೇಲೆ ಫ್ಲಾಸ್ಕಿನ ಮುಚ್ಚಳ ತಿರುಗಿಸಿ, ಬಿಸಿನೀರು ಬಗ್ಗಿಸಿ ಮುಂದೆ ಹಿಡಿದರು.

ಎರಡು ಗುಟುಕು ಕುಡಿದ.

"ಓಡಿಬಂದು, ತಡ ಆಯ್ತು, ತಡ ಆಯ್ತು ಅಂತ ಒದ್ದಾಡ್ತಾ ಇದ್ರು ಅಮ್ಮ. ನಾನು ಅಲ್ಲಿಂದ ಸರಿದು, ಬಾ ಮಾರಾಯ, ನಿನ್ನ ಜಾಗ ಬೆಚ್ಚಗೆ ಇಟ್ಟಿದೀನಿ ಅಂದೆ."

ಮುದುಕಿ ಚೌಕಟ್ಟನ್ನು ಸೆರಗಿನಿಂದ ಒರೆಸಿದಳು. ಬಲ ಅಂಚಿನ ಆ ಕೈಯನ್ನೂ ಒರೆಸಿದಳು.

"ನೀನು ಇಟ್ಟಿದ್ದೆ ಕಣಪ್ಪ," ಎಂದಳು. "ವಾಪಸ್ ಕೊಡೋಕೆ ಸ್ವಲ್ಪ ತಡ ಮಾಡ್ದೆ, ಅಷ್ಟೇ."